ಹವಳದ ಟ್ಯಾಂಕನ್ನು ಸಿಹಿನೀರಿಗೆ ಬದಲಿಸಿದ ಮೇಲೆ ಕಾಣುವ ತೊಂದರೆಗಳು: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಉಪ್ಪುನೀರಿನಲ್ಲಿ ಹವಳ ಬೆಳೆಸುವ ಟ್ಯಾಂಕ್ ಸಾಕಾಗಿದೆ, ಅದೇ ಗಾಜಿನಲ್ಲಿ ಸಿಹಿನೀರು ತುಂಬಿಸಿ ಮೋಲಿಯೋ ಸಿಕ್ಲಿಡ್ಡೋ ಬಿಟ್ಟು ನೆಮ್ಮದಿಯಾಗಿರೋಣ ಎಂದು ಹೊರಟವರಿಗೆ ಮೊದಲ ಎರಡು ತಿಂಗಳು ನೆಮ್ಮದಿ ಸಿಗುವುದು ಅಪರೂಪ. ನೀರು ಕದಡುತ್ತದೆ, ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ, ಪಾಚಿ ಹಬ್ಬುತ್ತದೆ. ಅಂಗಡಿಯವರು ಒಂದು ನೀಲಿ ಔಷಧಿ ಕೊಟ್ಟು ಕಳಿಸುತ್ತಾರೆ. ಈ ತೊಂದರೆಗಳಲ್ಲಿ ಬಹುಪಾಲು ರೋಗವೇ ಅಲ್ಲ. ಹಳೆಯ ಹವಳದ ವ್ಯವಸ್ಥೆ ಬಿಟ್ಟುಹೋದ ಕಲ್ಲು, ಮರಳು, ಉಪ್ಪು, ದೀಪ ಇವುಗಳಿಂದ ಹುಟ್ಟಿದವು. ಆದ್ದರಿಂದ ಇಲ್ಲಿ ಔಷಧಿಯ ಸರದಿ ಕೊನೆಗೆ.

ಲೆಕ್ಕಕ್ಕೆ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇಟ್ಟುಕೊಳ್ಳೋಣ. ಅದರಲ್ಲಿ ನಿಲ್ಲುವ ನೀರು ಸುಮಾರು 230 ಲೀಟರ್. ಪರೀಕ್ಷೆಗೆ ಬೇಕಾದವು: ಜೇಬಿನಲ್ಲಿ ಇಡುವಂಥ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) ಮೀಟರ್, ಅಮೋನಿಯ, ನೈಟ್ರೈಟ್ ಮತ್ತು ಪಿಎಚ್ ನೋಡುವ ದ್ರವದ ಕಿಟ್, ಒಂದು ಸಣ್ಣ ಬಾಟಲಿ ವಿನೆಗರ್. ಉಪ್ಪುನೀರಿಗೆ ಬಳಸುತ್ತಿದ್ದ ಕಿಟ್ ಮನೆಯಲ್ಲಿದ್ದರೆ ಅದರ ಬಣ್ಣದ ಪಟ್ಟಿ ನೋಡಿ. ಕೆಲವು ಕಿಟ್‌ಗಳಲ್ಲಿ ಸಿಹಿನೀರಿಗೂ ಉಪ್ಪುನೀರಿಗೂ ಪಟ್ಟಿ ಬೇರೆ ಬೇರೆ. ಅವಧಿ ಮುಗಿದ ಕಿಟ್ ಎಸೆಯಿರಿ. ಹವಳಕ್ಕೆಂದು ದುಬಾರಿ ಬೆಲೆ ಕೊಟ್ಟು ತಂದ, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಇಲ್ಲಿ ಉಪಯೋಗಕ್ಕೆ ಬಾರದು. ಸಿಹಿನೀರಿನಲ್ಲಿ ಉಳಿದ ಅಲ್ಪಸ್ವಲ್ಪ ಉಪ್ಪು ಅದಕ್ಕೆ ಕಾಣುವುದೇ ಇಲ್ಲ.

ನೀರಿಗೆ ಕೈ ಹಾಕಿದರೆ ಜುಮ್ಮೆನ್ನುತ್ತದೆ, ಅಥವಾ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ

ಮಿಕ್ಕ ಎಲ್ಲಕ್ಕಿಂತ ಮೊದಲು ಇದನ್ನು ನೋಡಿ. ಆರ್‌ಸಿಸಿಬಿ ಎಂದರೆ ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್. ಕೈ ತೆಗೆಯಿರಿ. ಟ್ಯಾಂಕಿನ ಪ್ಲಗ್‌ಗಳನ್ನು ಮುಟ್ಟದೆ ಮೇನ್ ಸ್ವಿಚ್ ಆಫ್ ಮಾಡಿ.

ವರ್ಷಗಟ್ಟಲೆ ಹಾರಿದ ಉಪ್ಪುನೀರಿನ ಹನಿಗಳು ಒಣಗಿ ಎಕ್ಸ್‌ಟೆನ್ಷನ್ ಬೋರ್ಡ್, ಪ್ಲಗ್ ಪಿನ್ನು, ದೀಪದ ಜಾಯಿಂಟ್‌ಗಳಲ್ಲಿ ಬಿಳಿ ಪದರವಾಗಿ ಕೂತಿರುತ್ತವೆ. ಆ ಪದರ ಗಾಳಿಯ ತೇವ ಹೀರಿ ಕರೆಂಟ್ ಹರಿಸುತ್ತದೆ. ಮಳೆಗಾಲದಲ್ಲಿ ತೊಂದರೆ ಹೆಚ್ಚುವುದು ಇದಕ್ಕೇ. ಟ್ಯಾಂಕಿನ ಎಲ್ಲ ಪ್ಲಗ್ ಕಿತ್ತು ಆರ್‌ಸಿಸಿಬಿ ಮೇಲೆತ್ತಿ. ನಿಂತರೆ ಒಂದೊಂದೇ ಸಾಧನ ಸೇರಿಸುತ್ತ ಹೋಗಿ, ಯಾವುದು ಸೇರಿಸಿದಾಗ ಬೀಳುತ್ತದೋ ಅದೇ ಕಳ್ಳ. ಹೆಚ್ಚಾಗಿ ಸಿಗುವುದು ಬಿರುಕು ಬಿಟ್ಟ ಹೀಟರ್, ಇಲ್ಲವೇ ಹಳೆಯ ವೇವ್‌ಮೇಕರ್ (ನೀರನ್ನು ಅಲೆಯಾಡಿಸುವ ಪಂಪ್). ಉಪ್ಪು ಹಿಡಿದ ಬೋರ್ಡನ್ನು ಒರೆಸಿ ಮತ್ತೆ ಬಳಸಬೇಡಿ, ಹೊಸದು ತನ್ನಿ. ಹೊಸ ಬೋರ್ಡನ್ನು ಟ್ಯಾಂಕಿನ ಕೆಳಗೆ ಇಡದೆ ಪಕ್ಕದ ಗೋಡೆಗೆ ಎತ್ತರದಲ್ಲಿ ಹೊಡೆಯಿರಿ. ವೈರು ಪ್ಲಗ್ಗಿಗಿಂತ ಕೆಳಗೆ ಒಂದು ಬಾಗು ಬಾಗಿ ಮೇಲೆ ಬರಲಿ, ಆಗ ಹನಿ ಆ ಬಾಗಿನಲ್ಲೇ ಉದುರುತ್ತದೆ.

ಎಲ್ಲ ಪ್ಲಗ್ ಕಿತ್ತರೂ ಬೀಳುತ್ತಿದ್ದರೆ ದೋಷ ಮನೆಯ ವೈರಿಂಗ್‌ನಲ್ಲೋ ಬೇರೆ ಸಾಧನದಲ್ಲೋ ಇದೆ, ಎಲೆಕ್ಟ್ರಿಷಿಯನ್ ಬರಬೇಕು. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿಯೇ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಮೀನಿನ ಮಾತು ಆಮೇಲೆ. ನೀರು ಬಸಿಯುವ ಮುನ್ನ ಹೀಟರನ್ನು ಆಫ್ ಮಾಡಿ 20 ನಿಮಿಷ ಬಿಡಬೇಕು. ಬಿಸಿ ಗಾಜು ಗಾಳಿಗೆ ತೆರೆದುಕೊಂಡರೆ ಸೀಳುತ್ತದೆ.

ಕಲ್ಲು ತೊಳೆದ ಮೇಲೆ ಮನೆಯವರಿಗೆ ಚಳಿಜ್ವರ, ಕೆಮ್ಮು, ಬಾಯಲ್ಲಿ ಲೋಹದ ರುಚಿ

ಹವಳದ ಟ್ಯಾಂಕ್ ಬಿಚ್ಚುವಾಗಿನ ಅತಿ ದೊಡ್ಡ ಅಪಾಯ ಇದು, ಗೊತ್ತಿರುವವರು ಕಡಿಮೆ. ಜೋವಾಂತಿಡ್ ಎಂಬ ಗುಂಡಿಯಾಕಾರದ, ಹವಳದಂಥ ಜೀವಿಗಳಲ್ಲಿ ಕೆಲವಕ್ಕೆ, ಅದರಲ್ಲೂ ಪ್ಯಾಲಿಥೋವಾ ಜಾತಿಯವಕ್ಕೆ, ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷ ಇರುತ್ತದೆ. ಕುದಿಸಿದರೂ ಅದು ಸಾಯದು. ಆವಿಯ ಜೊತೆ ಹನಿಯಾಗಿ ಎದ್ದು ಶ್ವಾಸಕೋಶಕ್ಕೆ ಹೋಗುತ್ತದೆ. ಬಿಸಿನೀರು ಸುರಿದು ತೊಳೆಯುವುದು, ಒಣ ಕಲ್ಲನ್ನು ಬ್ರಷ್‌ನಿಂದ ಉಜ್ಜುವುದು, ಪ್ರೆಷರ್ ವಾಷರ್ ಹಿಡಿಯುವುದು, ಇವು ಮೂರನ್ನೂ ಮಾಡಬೇಡಿ.

ಮೇಲಿನ ಲಕ್ಷಣಗಳ ಜೊತೆ ಉಸಿರು ಕಟ್ಟುವುದು, ಮೈಕೈ ನೋವು, ಮರಗಟ್ಟುವಿಕೆ ಅಥವಾ ಕಣ್ಣುರಿ ಸೇರಿದರೆ ಎಲ್ಲರೂ ಆ ಕೋಣೆಯಿಂದ ಹೊರಗೆ ಬನ್ನಿ. ಸಾಕುಪ್ರಾಣಿಗಳನ್ನೂ ಹೊರತನ್ನಿ. ಕಣ್ಣಿಗೆ ಸಿಡಿದಿದ್ದರೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ಇದಕ್ಕೆ ಪ್ರತಿವಿಷ ಇಲ್ಲ, ವೈದ್ಯರು ಲಕ್ಷಣಕ್ಕೆ ತಕ್ಕ ಆರೈಕೆ ಕೊಡುತ್ತಾರೆ. ಹವಳದಿಂದ ಬಂದದ್ದು ಎಂದು ನೀವೇ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಫ್ಲೂ ಎಂದುಕೊಂಡು ಮನೆಗೆ ಕಳಿಸುವ ಸಂಭವವಿದೆ.

ಕಲ್ಲು ತೆಗೆಯುವ ಕ್ರಮ ಹೀಗೆ: ಉದ್ದ ಕೈಗವಸು, ಕಣ್ಣಿಗೆ ಕನ್ನಡಕ, ಎನ್95 ಮಾಸ್ಕ್. ಕಲ್ಲು ಒದ್ದೆಯಿರುವಾಗಲೇ ಮುಚ್ಚಳದ ಬಕೆಟ್ಟಿಗೆ ಹಾಕಿ, ಬಯಲಲ್ಲಿ ಇಡಿ. ಕೈಯಲ್ಲಿ ಗಾಯವಿದ್ದರೆ ಈ ಕೆಲಸ ಬೇರೆಯವರಿಗೆ ಬಿಡಿ.

ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ

ಖರ್ಚಿಲ್ಲದ ಪರೀಕ್ಷೆ ಮೊದಲು: ನೀರಿನ ಮೇಲ್ಮೈ ಅಲುಗುತ್ತಿದೆಯೇ ನೋಡಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿ.ಗ್ರಾಂ ಆಮ್ಲಜನಕ ಹಿಡಿದರೆ ಸಮುದ್ರದ ನೀರು ಹಿಡಿಯುವುದು 6.8 ಮಾತ್ರ. ಅಂದರೆ ನೀರು ಬದಲಾಗಿ ಆಮ್ಲಜನಕ ಕಡಿಮೆಯಾಯಿತು ಎನ್ನುವ ಮಾತು ತಲೆಕೆಳಗು. ಕಡಿಮೆಯಾದದ್ದು ಗಾಳಿ ಬೆರೆಸುವ ಕೆಲಸ. ಅದುವರೆಗೆ ವೇವ್‌ಮೇಕರ್ ಮತ್ತು ಪ್ರೋಟೀನ್ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಅದನ್ನು ಸದ್ದಿಲ್ಲದೆ ಮಾಡುತ್ತಿದ್ದವು. ಎರಡನ್ನೂ ಒಟ್ಟಿಗೆ ಕಿತ್ತುಹಾಕಿದ್ದೀರಿ. ಒಂದು ಏರ್ ಪಂಪ್, ಸ್ಪಂಜ್ ಫಿಲ್ಟರ್ ಹಾಕಿ. ಒಂದು ಗಂಟೆಯಲ್ಲಿ ಮೀನು ಕೆಳಗಿಳಿದರೆ ದೋಷ ಸಿಕ್ಕಿತು. (ಸ್ಕಿಮ್ಮರನ್ನು ಸಿಹಿನೀರಿನಲ್ಲಿ ಓಡಿಸಿ ಪ್ರಯೋಜನವಿಲ್ಲ. ಉಪ್ಪಿಲ್ಲದ ನೀರಿನಲ್ಲಿ ಗುಳ್ಳೆಗಳು ದೊಡ್ಡದಾಗಿ ಒಡೆದುಹೋಗುತ್ತವೆ, ನೊರೆ ಕಟ್ಟುವುದಿಲ್ಲ. ಮಾರಿಬಿಡಿ.)

ಗಾಳಿ ಕೊಟ್ಟರೂ ಇಳಿಯದಿದ್ದರೆ, ನೀರು ಬದಲಿಸಿದ ಕೆಲವೇ ಗಂಟೆಗಳಲ್ಲಿ ಶುರುವಾಗಿದ್ದರೆ, ಕ್ಲೋರಿನ್ ಮೇಲೆ ಸಂಶಯ ಪಡಿ. ನಲ್ಲಿ ನೀರಿಗೆ ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಹವಳಕ್ಕೆ ಆರ್‌ಒ ನೀರು ಬಳಸುತ್ತಿದ್ದವರಿಗೆ ಕ್ಲೋರಿನ್ ತೆಗೆಯುವ ಅಭ್ಯಾಸವೇ ಇರುವುದಿಲ್ಲ. 100 ಗ್ರಾಂ ಸೋಡಿಯಂ ಥಯೋಸಲ್ಫೇಟ್ ಹರಳನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಳ್ಳಿ. 10 ಲೀಟರ್ ನಲ್ಲಿ ನೀರಿಗೆ 1 ಮಿ.ಲೀ. ಸಾಕು. ಟ್ಯಾಂಕರ್ ನೀರಿಗೆ ಯಾರು ಎಷ್ಟು ಬ್ಲೀಚಿಂಗ್ ಪೌಡರ್ ಹಾಕಿದ್ದಾರೋ ಹೇಳಲಾಗದು. ಬಕೆಟ್ಟಿನಲ್ಲಿ ವಾಸನೆ ಹೊಡೆಯುತ್ತಿದ್ದರೆ ಆ ದಿನ ಬದಲಿಸಬೇಡಿ.

ಇವೆರಡೂ ಅಲ್ಲವೆಂದರೆ ಅಮೋನಿಯ.

ಅಮೋನಿಯ ಸೊನ್ನೆಗೆ ಇಳಿಯುತ್ತಿಲ್ಲ

"ಟ್ಯಾಂಕ್ ಐದು ವರ್ಷ ಹಳೆಯದು, ಸೈಕಲ್ ಆಗಿದೆ" (ಅಂದರೆ ಅಮೋನಿಯ ತಿನ್ನುವ ಬ್ಯಾಕ್ಟೀರಿಯಾ ನೆಲೆಸಿವೆ) ಎಂಬ ಭರವಸೆ ಇಲ್ಲಿ ಮುಳುಗಿಸುತ್ತದೆ. ಉಪ್ಪುನೀರಿನ ಬ್ಯಾಕ್ಟೀರಿಯಾ ಸಿಹಿನೀರಿನಲ್ಲಿ ಕೆಲಸ ಮಾಡುವುದಿಲ್ಲ. ಅಮೋನಿಯ ತಿನ್ನುವ ಬಳಗವನ್ನು ಸೊನ್ನೆಯಿಂದ ಕಟ್ಟಬೇಕು, 4ರಿಂದ 6 ವಾರ ಹಿಡಿಯುತ್ತದೆ. ಸಾಲದ್ದಕ್ಕೆ ಲೈವ್ ರಾಕ್ (ಜೀವಿಗಳು ನೆಲೆಸಿದ ಹವಳದ ಕಲ್ಲು) ಅನ್ನು ಹಾಗೇ ಉಳಿಸಿಕೊಂಡಿದ್ದರೆ ಅದರ ತೂತುಗಳಲ್ಲಿದ್ದ ಹುಳು, ಸ್ಪಂಜು, ಏಡಿಮರಿ ಎಲ್ಲ ಸತ್ತು ಕೊಳೆಯುತ್ತಿರುತ್ತವೆ.

ಕಲ್ಲೇ ಕಾರಣವೋ ಎಂದು ತಿಳಿಯಲು ಒಂದು ಕಲ್ಲನ್ನು ಬಕೆಟ್ ಶುದ್ಧ ನೀರಿನಲ್ಲಿ 3 ದಿನ ಇಟ್ಟು ಆ ನೀರಿನ ಅಮೋನಿಯ ನೋಡಿ. ಬಣ್ಣ ಬಂದರೆ ಎಲ್ಲ ಕಲ್ಲೂ ಹೊರಕ್ಕೆ. ಬಣ್ಣ ಬಾರದಿದ್ದರೆ ತಪ್ಪು ಮೀನಿನ ಸಂಖ್ಯೆಯದು ಅಥವಾ ತಿಂಡಿಯದು. ಎರಡು ದಿನಕ್ಕೊಮ್ಮೆ ಮಾತ್ರ, ಒಂದು ನಿಮಿಷದಲ್ಲಿ ಖಾಲಿಯಾಗುವಷ್ಟು ತಿಂಡಿ ಹಾಕಿ.

ಅಂಕಿಯನ್ನು ಪಿಎಚ್ ಜೊತೆಗೇ ಓದಬೇಕು. ಕಿಟ್ ತೋರಿಸುವುದು ಒಟ್ಟು ಅಮೋನಿಯ. ಅದರಲ್ಲಿ ವಿಷದ ರೂಪ 25 ಡಿಗ್ರಿಯಲ್ಲಿ, ಪಿಎಚ್ 7ರಲ್ಲಿ, ನೂರಕ್ಕೆ ಒಂದಕ್ಕಿಂತ ಕಡಿಮೆ, ಪಿಎಚ್ 8.2ರಲ್ಲಿ ನೂರಕ್ಕೆ ಎಂಟು. ಹವಳದ ಮರಳು, ಗಡಸು ಬೋರ್ ನೀರು ಇದ್ದಲ್ಲಿ ಪಿಎಚ್ 8ರ ಮೇಲೇ ಇರುವುದರಿಂದ ಕಿಟ್ಟಿನ "1" ಎಂಬ ಗುರುತು ಅಲ್ಲಿ ನಿಜವಾಗಿ ಕೊಲ್ಲುತ್ತದೆ. 0.25 ದಾಟಿದರೆ ಕಾಲು ಭಾಗ ನೀರು, 1 ದಾಟಿದರೆ ಅರ್ಧ ನೀರು ಬದಲಿಸಿ. ಇದಕ್ಕೆ ಒಂದೇ ಅಪವಾದ ಉಂಟು: ಟ್ಯಾಂಕಿನ ಪಿಎಚ್ 6.5ರ ಆಸುಪಾಸು ಇದ್ದು ಅಮೋನಿಯ ಹೆಚ್ಚಿದ್ದರೆ, ಪಿಎಚ್ 8ರ ಬೋರ್ ನೀರನ್ನು ಒಮ್ಮೆಗೇ ಸುರಿಯಬಾರದು. ನಿರುಪದ್ರವಿಯಾಗಿದ್ದ ಅಮೋನಿಯ ಅರ್ಧ ಗಂಟೆಯೊಳಗೆ ವಿಷವಾಗುತ್ತದೆ. ದಿನಕ್ಕೆ ಹತ್ತನೇ ಒಂದು ಭಾಗದಂತೆ ಹೋಗಿ.

ನೈಟ್ರೈಟ್ ಏರಿದ್ದು, ಮೀನಿನ ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ 100 ಲೀಟರಿಗೆ 20 ಗ್ರಾಂ ಉಪ್ಪು ಕರಗಿಸಿ ಹಾಕಿ. ಕ್ಲೋರೈಡ್ ಇದ್ದಾಗ ನೈಟ್ರೈಟ್ ರಕ್ತಕ್ಕೆ ಇಳಿಯಲಾರದು. ಮೂಲೆಯಲ್ಲಿ ಉಳಿದ ಸಮುದ್ರದ ಉಪ್ಪಿನ ಬಕೆಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ.

ಹತ್ತಿರದ ದಾರಿಯೂ ಒಂದಿದೆ: ಚೆನ್ನಾಗಿ ನಡೆಯುತ್ತಿರುವ ಸಿಹಿನೀರಿನ ಟ್ಯಾಂಕಿನಿಂದ ಕೊಳೆ ಹಿಡಿದ ಸ್ಪಂಜು ತಂದು ನಿಮ್ಮ ಫಿಲ್ಟರಿನಲ್ಲಿಡುವುದು. ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾಕ್ಕಿಂತ ಇದನ್ನೇ ನಂಬಬಹುದು.

ನೀರು ಹಾಲಿನಂತೆ ಬೆಳ್ಳಗಿದೆ

ಒಂದು ಲೋಟದಲ್ಲಿ ತುಂಬಿಸಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ತಳದಲ್ಲಿ ಪುಡಿ ಕೂತು ಮೇಲಿನ ನೀರು ತಿಳಿಯಾಗಿದ್ದರೆ ಅದು ಮರಳಿನ ಧೂಳು. ಫಿಲ್ಟರಿಗೆ ಬಿಳಿ ಹತ್ತಿಯ ಪದರ ಹಾಕಿದರೆ ಎರಡು ದಿನದಲ್ಲಿ ಹೋಗುತ್ತದೆ. ತಿಳಿಯಾಗದೆ ಮಬ್ಬಾಗಿಯೇ ಉಳಿದರೆ ಬ್ಯಾಕ್ಟೀರಿಯಾ ಹೆಚ್ಚಿದೆ, ಕೊಳೆಯುವ ವಸ್ತು ಎಲ್ಲೋ ಇದೆ ಎಂದರ್ಥ. ತಿಂಡಿ ನಿಲ್ಲಿಸಿ, ಗಾಳಿ ಹೆಚ್ಚಿಸಿ, ಅಮೋನಿಯ ನೋಡಿ. ವಾರದೊಳಗೆ ತಾನೇ ತಿಳಿಯಾಗುತ್ತದೆ. ನೀರು ತಿಳಿಗೊಳಿಸುವ ದ್ರವಗಳನ್ನು ಸುರಿಯಬೇಡಿ.

ಗಿಡ ಕರಗುತ್ತದೆ, ಮೀನು ಸಪ್ಪೆಯಾಗಿದೆ, ಅಮೋನಿಯ ಸೊನ್ನೆ

ಉಪ್ಪು ಉಳಿದಿದೆಯೇ ನೋಡಿ. ಹವಳದ ನೀರಿನಲ್ಲಿ ಲೀಟರಿಗೆ 35 ಗ್ರಾಂ ಉಪ್ಪು. 230 ಲೀಟರಿನಲ್ಲಿ 8 ಕಿಲೋ. ಪೂರ್ತಿ ಬಸಿದೆವೆಂದುಕೊಂಡರೂ ಮರಳು, ಪೈಪು, ಕೆಳಗಿನ ಫಿಲ್ಟರ್ ತೊಟ್ಟಿ ಸೇರಿ ನೂರಕ್ಕೆ ಐದು ಭಾಗ ಉಳಿದೇ ಇರುತ್ತದೆ. ಆ ಐದು ಭಾಗವೇ ಹೊಸ ನೀರಿನ ಟಿಡಿಎಸ್ ಅನ್ನು ಸುಮಾರು 1,750ರಷ್ಟು ಮೇಲೆತ್ತುತ್ತದೆ. ಅದೇ ರೀತಿ ಇನ್ನೊಮ್ಮೆ ತುಂಬಿ ಬಸಿದರೆ 90ಕ್ಕೆ ಇಳಿಯುತ್ತದೆ. ಅದಕ್ಕೇ ಎರಡು ಸಲ ಬಸಿದು ತುಂಬಬೇಕು ಎನ್ನುವುದು.

ನಲ್ಲಿ ನೀರನ್ನೂ ಟ್ಯಾಂಕಿನ ನೀರನ್ನೂ ಮೀಟರಿನಲ್ಲಿ ಅಳೆದು ಹೋಲಿಸಿ. ವ್ಯತ್ಯಾಸ 100ರೊಳಗೆ ಇದ್ದರೆ ಉಪ್ಪಿನ ಮಾತು ಬಿಡಿ. 500 ಮೀರಿದರೆ ಕಾಲು ಭಾಗದಂತೆ ನಾಲ್ಕೈದು ದಿನ ನೀರು ಬದಲಿಸಿ, ಒಂದೇ ದಿನ ಪೂರ್ತಿ ಬೇಡ. ಮೋಲಿ, ಗಪ್ಪಿ ಇಷ್ಟು ಉಪ್ಪಿಗೆ ಹೆದರುವುದಿಲ್ಲ. ಜಾವಾ ಫರ್ನ್ ಕೂಡ ತಡೆದುಕೊಳ್ಳುತ್ತದೆ. ಟೆಟ್ರಾಗಳು ತಡೆಯವು.

ಪಿಎಚ್ 8.2ರಿಂದ ಕೆಳಗಿಳಿಯುತ್ತಿಲ್ಲ

ಕಲ್ಲಿನ ಮೇಲೆ, ಚಿಟಿಕೆ ಮರಳಿನ ಮೇಲೆ ವಿನೆಗರ್ ಬಿಡಿ. ನೊರೆ ಎದ್ದರೆ ಅದು ಸುಣ್ಣ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹವಳದ ಟ್ಯಾಂಕಿನ ಅರಗನೈಟ್ ಮರಳೂ ಲೈವ್ ರಾಕೂ ಪೂರ್ತಿ ಅದೇ. ನೀರು ಹುಳಿಯತ್ತ ಜಾರಿದಂತೆಲ್ಲ ಸುಣ್ಣ ಕರಗಿ ಮತ್ತೆ ಮೇಲೆತ್ತುತ್ತದೆ. ಪಿಎಚ್ ಇಳಿಸುವ ಬಾಟಲಿ ಸುರಿದರೆ ಬೆಳಿಗ್ಗೆ ಇಳಿದದ್ದು ಸಂಜೆಗೆ ಏರುತ್ತದೆ, ಆ ಏರಿಳಿತಕ್ಕೇ ಮೀನು ಸಾಯುತ್ತದೆ.

ಎರಡೇ ಸರಿಯಾದ ದಾರಿ. ಟೆಟ್ರಾ, ಏಂಜೆಲ್, ಡಿಸ್ಕಸ್ ಬೇಕೆಂದರೆ ಮರಳು, ಕಲ್ಲು ಪೂರ್ತಿ ತೆಗೆದು ನದಿಯ ತೊಳೆದ ಮರಳು, ಗ್ರಾನೈಟ್ ತುಂಡು ಹಾಕಿ. ಇಲ್ಲವೇ ಇರುವ ನೀರಿಗೆ ಹೊಂದುವ ಮೀನನ್ನೇ ತನ್ನಿ: ಮೋಲಿ, ಪ್ಲಾಟಿ, ಗಪ್ಪಿ, ಮಲಾವಿ ಸರೋವರದ ಎಂಬೂನ ಸಿಕ್ಲಿಡ್. ಎಂಬೂನಗಳ ಸರೋವರದ ನೀರೇ ಪಿಎಚ್ 8ರ ಆಸುಪಾಸಿನದು. ಕಲ್ಲಿನ ಗುಡ್ಡೆಯೇ ಅವುಗಳ ಮನೆ. ಕಡಿಮೆ ಕೆಲಸ ಬೇಕೆಂದೇ ಈ ಬದಲಾವಣೆ ಮಾಡಿದ್ದರೆ, ಮನೆಗೆ ಬರುವುದು ಬೋರ್ ನೀರಾಗಿದ್ದರೆ, ಎರಡನೆಯ ದಾರಿಯೇ ಲೇಸು. ಕಲ್ಲನ್ನು ಮಾತ್ರ ಸತ್ತ ಜೀವಗಳೆಲ್ಲ ಕೊಳೆತು ಮುಗಿಯುವವರೆಗೆ ಬಯಲಿನ ಬಕೆಟ್ಟಿನಲ್ಲಿ, ವಾರಕ್ಕೊಮ್ಮೆ ನೀರು ಬದಲಿಸುತ್ತ, ಒಂದೆರಡು ತಿಂಗಳು ಇಟ್ಟು ಬಳಸಿ. ಬ್ಲೀಚ್ ಹಾಕಿದ ಕಲ್ಲಿಗೆ ವಿನೆಗರ್ ಅಥವಾ ಆ್ಯಸಿಡ್ ಎಂದೂ ತಾಗಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಪಿಎಚ್ ಕುಸಿದು 6ಕ್ಕಿಂತ ಕೆಳಗೆ ಹೋಗಿದೆ

ಇದು ಮೇಲಿನದರ ತದ್ವಿರುದ್ಧ. ಕಲ್ಲು, ಮರಳು ತೆಗೆದು, ಹಳೆಯ ರೂಢಿಯಂತೆ ಬರೀ ಆರ್‌ಒ ನೀರು ತುಂಬಿಸಿದವರಿಗೆ ಬರುತ್ತದೆ. ಆ ನೀರಿನಲ್ಲಿ ಪಿಎಚ್ ಹಿಡಿದಿಡುವ ಕಾರ್ಬೊನೇಟ್ ಇಲ್ಲ. ಬೋರ್ ನೀರನ್ನೇ ಬೆರೆಸಿ: 800 ಟಿಡಿಎಸ್‌ನ ಬೋರ್ ನೀರು ಒಂದು ಪಾಲು, 20ರ ಆರ್‌ಒ ಮೂರು ಪಾಲು ಸೇರಿದರೆ ಸುಮಾರು 215. ಬೋರ್ ಇಲ್ಲದಿದ್ದರೆ 100 ಲೀಟರಿಗೆ 6 ಗ್ರಾಂ ಅಡುಗೆ ಸೋಡಾ ಕೆಎಚ್ (ನೀರಿನ ಕಾರ್ಬೊನೇಟ್ ಅಳತೆ) ಅನ್ನು 2 ಡಿಗ್ರಿ ಏರಿಸುತ್ತದೆ. ಮೂರು ದಿನಕ್ಕೆ ಹಂಚಿ ಹಾಕಿ, ಅಮೋನಿಯ ಇದ್ದರೆ ಹಾಕಲೇಬೇಡಿ. ಎಸೆಯಬೇಕೆಂದಿದ್ದ ಹವಳದ ಮರಳನ್ನು ತೊಳೆದು, ಒಂದು ಹಿಡಿ ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನಲ್ಲಿಟ್ಟರೆ ಆಮೇಲೆ ಈ ಗೋಜೇ ಇರುವುದಿಲ್ಲ.

ಅಂಚಿನಲ್ಲಿ ಬಿಳಿ ಪದರ ಮತ್ತೆ ಮತ್ತೆ ಕಟ್ಟುತ್ತದೆ

ಒದ್ದೆ ಬಟ್ಟೆಗೆ ಕರಗಿ ಬಂದರೆ ಉಪ್ಪು. ಕರಗದೆ, ವಿನೆಗರಿಗೆ ಮಾತ್ರ ನೊರೆಯೆದ್ದು ಬಂದರೆ ಗಡಸು ನೀರಿನ ಸುಣ್ಣ. ಈ ಸುಣ್ಣ ಕಣ್ಣಿಗೆ ಅಸಹ್ಯ ಅಷ್ಟೆ, ಅಪಾಯವಿಲ್ಲ.

ಹಸಿರು ಪಾಚಿ ಕೂದಲಿನಂತೆ ಹಬ್ಬುತ್ತದೆ

ದೀಪ ನೋಡಿ. ಹವಳದ ಎಲ್‌ಇಡಿಗಳು ಸಿಹಿನೀರಿನ ಟ್ಯಾಂಕಿಗೆ ಬೇಕಾದದ್ದಕ್ಕಿಂತ ಬಹಳ ಪ್ರಖರ. ನೀಲಿ ಚಾನೆಲ್ ತೀರ ಇಳಿಸಿ, ಬಿಳಿಯನ್ನು ನೂರಕ್ಕೆ 20–30ಕ್ಕೆ ತನ್ನಿ, ಟೈಮರ್‌ನಲ್ಲಿ 6 ಗಂಟೆ ಇಡಿ. ಎರಡು ವಾರ ಕಾದರೂ ಕಡಿಮೆಯಾಗದಿದ್ದರೆ ಕಲ್ಲಿನಲ್ಲಿ ವರ್ಷಗಳಿಂದ ಶೇಖರವಾದ ಫಾಸ್ಫೇಟ್ ಹೊರಬರುತ್ತಿರಬಹುದು. ಅಮೋನಿಯಕ್ಕೆ ಹೇಳಿದ ಬಕೆಟ್ ಪರೀಕ್ಷೆಯನ್ನೇ ಫಾಸ್ಫೇಟ್ ಕಿಟ್ ಹಿಡಿದು ಮಾಡಿ. ಗಾಜಿನ ಮೇಲೆ ಕಂದು ಧೂಳು ಕೂತಿದ್ದರೆ ಅದು ಹೊಸ ನೀರಿನಲ್ಲಿ ಸಹಜವಾದ ಡಯಾಟಮ್ ಎಂಬ ಸೂಕ್ಷ್ಮ ಪಾಚಿ; ಒರೆಸಿ, ಸುಮ್ಮನಿರಿ.

ಮೀನು ಚೆನ್ನಾಗಿದೆ, ಸಿಗಡಿ ಮತ್ತು ಬಸವನಹುಳು ಮಾತ್ರ ಸಾಯುತ್ತವೆ

ತಾಮ್ರ. ಹಿಂದೆ ಎಂದಾದರೂ ಇದೇ ಗಾಜಿನಲ್ಲಿ ರೋಗದ ಮೀನಿಗೆ ತಾಮ್ರದ ಔಷಧಿ ಹಾಕಿದ್ದರೆ ಕಲ್ಲು, ಮರಳು ಅದನ್ನು ಹೀರಿಟ್ಟುಕೊಂಡು ಮೆಲ್ಲಗೆ ಬಿಡುತ್ತವೆ. ತಾಮ್ರದ ಕಿಟ್ ಒಂದು ಸಲ ನೋಡಿ. ಬಣ್ಣ ಬಂದರೆ ಕಲ್ಲು, ಮರಳು ಎರಡನ್ನೂ ಬದಲಿಸಿ, ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ.

ಮರಳಿನಿಂದ ಕೊಳೆತ ಮೊಟ್ಟೆಯ ವಾಸನೆ

ದಪ್ಪ ಮರಳಿನ ಕೆಳಗೆ ಹೈಡ್ರೋಜನ್ ಸಲ್ಫೈಡ್ ಕಟ್ಟಿದೆ. ಮೀನು ಒಳಗಿರುವಾಗ ಕೆದಕಬೇಡಿ. ಮೀನನ್ನು ಬೇರೆಡೆಗೆ ಸಾಗಿಸಿ, ಕಿಟಕಿ ತೆರೆದು, ನೀರು ಬಸಿದ ಮೇಲೆ ಮರಳು ತೆಗೆಯಿರಿ. ತಲೆ ಸುತ್ತಿದರೆ ಅಥವಾ ಮೊದಲಿದ್ದ ವಾಸನೆ ಇದ್ದಕ್ಕಿದ್ದಂತೆ ಬಾರದಂತಾದರೆ ಹೊರಗೆ ನಡೆಯಿರಿ. ಆ ಅನಿಲ ಮೂಗನ್ನೇ ಮರಗಟ್ಟಿಸುತ್ತದೆ. ಹೊಸ ಮರಳು 3–4 ಸೆಂ.ಮೀ. ಮೀರದಿರಲಿ.

ಸಿಹಿನೀರು ತುಂಬಿದ ಮೇಲೆ ಸೋರಲು ಶುರುವಾಗಿದೆ

ಸಿಹಿನೀರು ಉಪ್ಪುನೀರಿಗಿಂತ ಹಗುರ, ಆದ್ದರಿಂದ ಒತ್ತಡ ಹೆಚ್ಚಿದ್ದಲ್ಲ. ಕೆಲವು ಸಲ ಸಂದಿಯನ್ನು ಮುಚ್ಚಿಕೊಂಡಿದ್ದ ಉಪ್ಪಿನ ಹರಳೇ ಕರಗಿಹೋಗಿರುತ್ತದೆ. ಮೊದಲು ಪೈಪು ಗಾಜನ್ನು ದಾಟುವ ಜಾಗದ ವಾಷರ್ ನೋಡಿ, ಕೈಯಲ್ಲಿ ಕಾಲು ಸುತ್ತು ಬಿಗಿ ಮಾಡಿ, ಸ್ಪ್ಯಾನರ್ ಹಾಕಬೇಡಿ. ಗಾಜಿನ ಸುತ್ತ ಟಿಶ್ಯೂ ಕಾಗದ ಅಂಟಿಸಿದರೆ ಎಲ್ಲಿ ಒದ್ದೆಯಾಗುತ್ತದೆ ಎಂದು ಗೊತ್ತಾಗುತ್ತದೆ. ಸೋರುವುದು ಸಿಲಿಕಾನ್ ಅಂಚಿನಲ್ಲಿ ಎಂದಾದರೆ ಅಲ್ಲಿಗೆ ನಿಲ್ಲಿಸಿ: ನೀರು ಬಸಿದು ಟ್ಯಾಂಕ್ ಕಟ್ಟುವವರಿಗೆ ಕೊಡಿ. ಹೊರಗಿನಿಂದ ಹಚ್ಚಿದ ಸಿಲಿಕಾನ್ ನಿಲ್ಲುವುದಿಲ್ಲ. 230 ಕಿಲೋ ನೀರು ಮನೆಯೊಳಗೆ ಒಡೆದರೆ ಕೆಳಗಿನ ಮನೆಯವರಿಗೂ ತೊಂದರೆ.

ಉಪ್ಪುನೀರನ್ನೇ ಉಳಿಸಿ ಹವಳ ಮಾತ್ರ ತೆಗೆದೆ. ಪಂಪ್, ಹೀಟರ್ ಮೇಲೆ ಗಟ್ಟಿ ಬಿಳಿ ಪದರ

ಹವಳಕ್ಕೆ ಖನಿಜ ಸುರಿಯುವ ಡೋಸಿಂಗ್ ಪಂಪ್ ಇನ್ನೂ ಓಡುತ್ತಿದೆ. ಕ್ಯಾಲ್ಸಿಯಂ, ಕಾರ್ಬೊನೇಟ್ ಹೀರುತ್ತಿದ್ದ ಹವಳಗಳು ಹೋದವು, ಸುರಿಯುವುದು ನಿಂತಿಲ್ಲ. ಕೆಎಚ್ 12 ದಾಟಿ ಸುಣ್ಣ ಎಲ್ಲೆಂದರಲ್ಲಿ ಕಟ್ಟುತ್ತಿದೆ. ಡೋಸಿಂಗ್ ನಿಲ್ಲಿಸಿ, ಪಂಪುಗಳನ್ನು ಬಿಚ್ಚಿ ನೀರು-ವಿನೆಗರ್ ಸಮಪಾಲಿನಲ್ಲಿ ಒಂದು ರಾತ್ರಿ ನೆನೆಸಿ. ಮೀನಿಗೆ ಬೇಕಾದ ಖನಿಜ ತಿಂಗಳ ನೀರು ಬದಲಾವಣೆಯಲ್ಲೇ ಸಿಗುತ್ತದೆ. ನೈಟ್ರೇಟ್ 40ರವರೆಗೆ ಏರಿದರೂ ಮೀನು ಮಾತ್ರ ಇರುವ ಟ್ಯಾಂಕಿಗೆ ಗಾಬರಿಯಿಲ್ಲ.

ತೆಗೆದ ಹವಳ, ಕಲ್ಲು, ಉಪ್ಪುನೀರಿನ ವಿಷಯ: ನೀರನ್ನು ಗಿಡದ ಬುಡಕ್ಕೆ ಸುರಿಯಬೇಡಿ, ಒಳಚರಂಡಿಗೆ ಬಿಡಿ. ಜೀವಿಗಳನ್ನು ಕೆರೆಗಾಗಲಿ ಕಡಲಿಗಾಗಲಿ ಬಿಡಬೇಡಿ. ಕಲ್ಲು ಹವಳ, ಕಪ್ಪು ಹವಳ, ಸೀ ಫ್ಯಾನ್‌ಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಆದ್ದರಿಂದ ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕುವ ಮುನ್ನ, ಯಾರಿಗಾದರೂ ಕೊಡುವ ಮುನ್ನ, ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಖರೀದಿಯ ಬಿಲ್ಲು, ಆಮದು ಕಾಗದ ಇದ್ದರೆ ಜೊತೆಗೆ ಒಯ್ಯಿರಿ.